ಸಕ್ಕರೆ ಮಾತ್ರೆ ಕೊಡುವ ಕಡೆಯೇ ಕಣ್ಣಿನ ಕ್ಯಾಮೆರಾ ಇಡಿ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ಕಿನ (ಸಕ್ಕರೆ, ಬಿ.ಪಿ.ಯಂಥ ಅಂಟದ ಕಾಯಿಲೆಗಳ ವಿಭಾಗ) ಮುಂದೆ ತಿಂಗಳ ಮಾತ್ರೆಗೆ ಸಾಲು ನಿಲ್ಲುವವರ ಕೈಯಲ್ಲಿ ಒಂದು ಪುಸ್ತಕ ಇರುತ್ತದೆ. ಬಿ.ಪಿ. ಎಷ್ಟು, ಸಕ್ಕರೆ ಎಷ್ಟು, ತೂಕ ಎಷ್ಟು, ಯಾವ ಮಾತ್ರೆ ಎಷ್ಟು ದಿನಕ್ಕೆ ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಕಣ್ಣಿನ ಹಿಂಭಾಗವನ್ನು ಯಾವಾಗ ನೋಡಿದರು, ಅಲ್ಲಿ ಏನು ಕಂಡಿತು ಎಂಬುದು ಮಾತ್ರ ನಾನು ತೆರೆದು ನೋಡಿದ ಬಹುಪಾಲು ಪುಸ್ತಕಗಳಲ್ಲಿ ಇಲ್ಲ. ಅದನ್ನು ಬರೆಯುವಂತೆ ಮಾಡಿ ಎಂದು ಕೇಳುವುದಕ್ಕೆ ಈ ಪತ್ರ.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ನೇತ್ರಾಧಿಕಾರಿಯಾಗಿ ದುಡಿದು ನಿವೃತ್ತನಾದವನು. ಡಾಕ್ಟರಲ್ಲ. ಕಣ್ಣಿನ ನಂಬರು ನೋಡುವುದು, ಪೊರೆ ಬಂದವರನ್ನು ಗುರುತಿಸುವುದು, ಶಿಬಿರಕ್ಕೆ ಜನರನ್ನು ಕೂಡಿಸುವುದು, ಆಪರೇಷನ್ ಆದವರಿಗೆ ಹನಿ ಹಾಕಿಕೊಳ್ಳುವ ಕ್ರಮ ಹೇಳಿಕೊಟ್ಟು ಮನೆಗೆ ಕಳುಹಿಸುವುದು ನಮ್ಮ ಕೆಲಸ. ಇಲಾಖೆಯ ಮೇಲೆ ಸಿಟ್ಟು ತೀರಿಸಿಕೊಳ್ಳಲು ಬರೆಯುತ್ತಿಲ್ಲ. ಅನ್ನ ಕೊಟ್ಟ ಇಲಾಖೆ ಅದು. ಆದರೆ ನಿವೃತ್ತನಾದವನಿಗೆ ಇರುವ ಒಂದೇ ಸೌಕರ್ಯವೆಂದರೆ ಮೇಲಧಿಕಾರಿಗಳ ಮುಖ ನೋಡದೆ ಮಾತಾಡಬಹುದು, ಅದನ್ನು ಬಳಸಿಕೊಳ್ಳುತ್ತಿದ್ದೇನೆ.

ನಮ್ಮ ಪೀಳಿಗೆಯ ನೇತ್ರ ಸಿಬ್ಬಂದಿ ಪೊರೆಯ ಹಿಂದೆ ಓಡಿತು, ಓಡಿದ್ದು ಸರಿಯೂ ಆಗಿತ್ತು. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಲ್ಲಿ ಶುರುವಾಯಿತು. ಅದಕ್ಕೂ ಎಷ್ಟೋ ಮೊದಲೇ ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಉಚಿತ ಶಿಬಿರಗಳಲ್ಲಿ ಸಾಲುಸಾಲಾಗಿ ಪೊರೆ ತೆಗೆದು, ಕಣ್ಣಿನ ಆಪರೇಷನ್ ಎಂದರೆ ಹೆದರುತ್ತಿದ್ದ ಜನರ ಭಯ ಬಿಡಿಸಿದ್ದರು. ಪೊರೆ ಒಂದು ಲೆಕ್ಕದಲ್ಲಿ ಮರ್ಯಾದಸ್ಥ ಕಾಯಿಲೆ. ಹೇಳಿ ಬರುತ್ತದೆ, ನಿಧಾನವಾಗಿ ಬಲಿಯುತ್ತದೆ, ಸುಗ್ಗಿ ಮುಗಿಯುವ ತನಕ ಕಾಯುತ್ತದೆ, ತೆಗೆದರೆ ದೃಷ್ಟಿ ಮರಳುತ್ತದೆ. ಕಣ್ಣು ಮಂಜಾಯಿತು ಎಂದು ರೋಗಿಯೇ ನಮ್ಮನ್ನು ಹುಡುಕಿಕೊಂಡು ಬರುತ್ತಾನೆ. ನಮ್ಮ ವ್ಯವಸ್ಥೆ, ತರಬೇತಿ, ಮಾಸಿಕ ವರದಿಯ ನಮೂನೆ ಎಲ್ಲವೂ ಈ ಕಾಯಿಲೆಯ ಅಳತೆಗೆ ಹೊಲಿದದ್ದು.

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಾಗ ಆಗುವುದು ಇದಕ್ಕೆ ಪೂರ್ತಿ ವಿರುದ್ಧ. ವೈದ್ಯರು ಡಯಾಬಿಟಿಕ್ ರೆಟಿನೋಪತಿ ಎನ್ನುತ್ತಾರೆ. ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ ಅಕ್ಷಿಪಟಲ ಸುಮಾರು ಕಾಲು ಮಿಲಿಮೀಟರ್ ದಪ್ಪದ ನರದ ಹಾಳೆ. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಅದರ ಸಣ್ಣ ರಕ್ತನಾಳಗಳು ಬಿಸಿಲಿಗೆ ಹಳತಾದ ತೋಟದ ಪೈಪಿನ ಹಾಗೆ ಅಲ್ಲಲ್ಲಿ ಉಬ್ಬಿ, ಒಸರತೊಡಗುತ್ತವೆ. ಕೆಲವು ಮುಚ್ಚಿಹೋಗುತ್ತವೆ. ರಕ್ತ ಸಿಗದ ಭಾಗ ಹೊಸ ನಾಳಗಳನ್ನು ಬೆಳೆಸಿಕೊಳ್ಳುತ್ತದೆ. ಅವು ದುರ್ಬಲ, ಒಂದು ದಿನ ಒಡೆದು ಕಣ್ಣಿನೊಳಗೇ ರಕ್ತ ತುಂಬುತ್ತದೆ. ಇಷ್ಟೆಲ್ಲ ಆಗುವ ತನಕ ಮನುಷ್ಯನಿಗೆ ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಬಹಳ ಸಲ ದೃಷ್ಟಿಯೂ ಚೆನ್ನಾಗಿಯೇ ಇರುತ್ತದೆ.

ನೇತ್ರದಾನದ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ಹೆಮ್ಮೆ ಪಡುವಂಥ ಹೆಸರಿದೆ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ರಾಜ್‌ಕುಮಾರ್ ಕಣ್ಣು ದಾನವಾದ ಮೇಲೆ ಜನ ತಾವಾಗಿ ಬಂದು ನೋಂದಾಯಿಸಿಕೊಂಡರು. ಹಾಗಾಗಿ ಸಕ್ಕರೆಯಿಂದ ಕಣ್ಣು ಹೋದವರ ಮನೆಯವರು ನನ್ನನ್ನು ಕೇಳಿದ್ದುಂಟು: ಯಾರಾದರೂ ದಾನ ಮಾಡಿದ ಕಣ್ಣು ಹಾಕಿಸಬಹುದಲ್ಲ? ಆಗದು. ದಾನದಿಂದ ಸಿಗುವುದು ಕಣ್ಣಿನ ಮುಂಭಾಗದ ಕಾರ್ನಿಯಾ. ಅಕ್ಷಿಪಟಲಕ್ಕೆ ಬದಲಿ ಇಲ್ಲ. ಇದನ್ನು ಅವರಿಗೆ ವಿವರಿಸುವುದು ನನ್ನ ಕೆಲಸದಲ್ಲಿ ನನಗೆ ಅತ್ಯಂತ ಬೇಡವಾದ ಭಾಗವಾಗಿತ್ತು.

ಈಗ ನಮ್ಮ ತಪಾಸಣೆಯ ಕ್ರಮವನ್ನು ನೋಡಿ. ಆಶಾಕಿರಣ ಯೋಜನೆಯಲ್ಲಿ ಮನೆಮನೆಗೆ ಹೋಗಿ ಕಣ್ಣು ಪರೀಕ್ಷಿಸಿ, ಕನ್ನಡಕ ಕೊಟ್ಟು, ಪೊರೆ ಬಂದವರಿಗೆ ಆಪರೇಷನ್ ಮಾಡಿಸಲಾಯಿತು. ಒಳ್ಳೆಯ ಕೆಲಸ, ಬಡವರ ಮನೆಯ ಅಜ್ಜಿಗೆ ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು ಕಾಣುವಂತೆ ಮಾಡಿದ ಯೋಜನೆಯ ಬಗ್ಗೆ ಯಾರೂ ಹಗುರವಾಗಿ ಮಾತಾಡಬಾರದು. ಆದರೆ ಅಕ್ಷರದ ಚಾರ್ಟು ತೋರಿಸಿ ಓದಿಸುವ ಪರೀಕ್ಷೆಯಲ್ಲಿ ರೆಟಿನೋಪತಿ ಸಿಕ್ಕಿಬೀಳುವುದಿಲ್ಲ. ಕೊನೆಯ ಸಾಲಿನ ತನಕ ಗಟ್ಟಿಯಾಗಿ ಓದಿದ ವ್ಯಕ್ತಿಯ ಅಕ್ಷಿಪಟಲದಲ್ಲಿ ಒಡೆಯಲು ಕಾದಿರುವ ರಕ್ತನಾಳಗಳು ಇರಬಹುದು. ಅವನಿಗೆ ನಾವು ‘ಕಣ್ಣು ಸರಿಯಿದೆ’ ಎಂದು ಚೀಟಿ ಬರೆದು ಕಳುಹಿಸುತ್ತೇವೆ. ಕನ್ನಡಕದ ಅಂಗಡಿಯಲ್ಲಿ ಕಂಪ್ಯೂಟರಿನಲ್ಲಿ ನಂಬರು ನೋಡಿಸಿಕೊಂಡವರೂ ಕಣ್ಣಿನ ಪರೀಕ್ಷೆ ಆಯಿತೆಂದೇ ತಿಳಿದಿರುತ್ತಾರೆ.

ಒಬ್ಬ ಹೆಂಗಸಿನ ವಿಷಯ ಹೇಳುತ್ತೇನೆ. ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದವರು. ನಮ್ಮ ಆಸ್ಪತ್ರೆಯಿಂದಲೇ ಸಕ್ಕರೆ ಮಾತ್ರೆ ಒಯ್ಯುತ್ತಿದ್ದರು, ಒಂದು ತಿಂಗಳೂ ತಪ್ಪಿಸಿದವರಲ್ಲ. ಅವರು ಮಾತ್ರೆ ಪಡೆಯುತ್ತಿದ್ದ ಕೋಣೆಗೂ ನಾನು ಕೂರುತ್ತಿದ್ದ ಕೋಣೆಗೂ ನಡುವೆ ಇದ್ದದ್ದು ಒಂದು ಪಡಸಾಲೆ. ಆ ಪಡಸಾಲೆಯನ್ನು ದಾಟಿ ಅವರು ನನ್ನ ಬಳಿಗೆ ಬಂದದ್ದು ಎಡಗಣ್ಣಿನ ಮುಂದೆ ಕಪ್ಪು ಎಳೆಗಳು ತೇಲತೊಡಗಿ, ಎರಡು ದಿನದಲ್ಲಿ ಪರದೆ ಎಳೆದಂತಾದ ಮೇಲೆ. ‘ಅಕ್ಕಿಯಲ್ಲಿ ಕಲ್ಲು ಕಾಣುತ್ತಿಲ್ಲ ಸಾರ್, ಮಕ್ಕಳ ಹಲ್ಲಿಗೆ ಸಿಕ್ಕರೆ ಮೇಷ್ಟ್ರು ಬೈಯುತ್ತಾರೆ’ ಎಂದರು. ಅಷ್ಟು ವರ್ಷ ಅವರನ್ನು ಆ ಕಡೆಯಿಂದ ಈ ಕಡೆಗೆ ಕಳುಹಿಸುವುದು ಯಾರ ಕೆಲಸವೂ ಆಗಿರಲಿಲ್ಲ. ಸಕ್ಕರೆ ಒಂದು ಕಾರ್ಯಕ್ರಮ, ಕಣ್ಣು ಇನ್ನೊಂದು ಕಾರ್ಯಕ್ರಮ. ಎರಡಕ್ಕೂ ಬೇರೆ ಬೇರೆ ರಿಜಿಸ್ಟರು, ಬೇರೆ ಬೇರೆ ಅಧಿಕಾರಿ, ಬೇರೆ ಬೇರೆ ಸಭೆ.

ಸಂಖ್ಯೆಗಳು ತಮಗೆ ಹೊಸದಲ್ಲ, ಆದರೂ ಒಂದೆರಡು ಹೇಳಬೇಕು. ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ ಎಂದು ಐಸಿಎಂಆರ್‌ ಬೆಂಬಲದ ಇಂಡಿಯಾಬ್ ಅಧ್ಯಯನ 2023ರಲ್ಲಿ ಅಂದಾಜು ಮಾಡಿತು. 2022ರಲ್ಲಿ ಪ್ರಕಟವಾದ ಸ್ಮಾರ್ಟ್ ಇಂಡಿಯಾ ಅಧ್ಯಯನದ ಪ್ರಕಾರ 40 ದಾಟಿದ ಮಧುಮೇಹಿಗಳಲ್ಲಿ ಶೇ 12.5 ಮಂದಿಗೆ ರೆಟಿನೋಪತಿ ಇದೆ. ದೃಷ್ಟಿಗೇ ಅಪಾಯ ತರುವ ಹಂತದಲ್ಲಿರುವವರು ಶೇ 4. ಈ ಎರಡನೆಯ ಸಂಖ್ಯೆಯನ್ನು ಹೆದರಿಸುವುದಕ್ಕೆ ಬಳಸುವವರೇ ಹೆಚ್ಚು. ನಾನು ಅದನ್ನು ಉಲ್ಟಾ ಓದುತ್ತೇನೆ. ನೂರು ಜನರಲ್ಲಿ 96 ಮಂದಿ ಆ ದಿನ ರೆಟಿನಾ ತಜ್ಞರನ್ನು ಕಾಣಬೇಕಾಗಿಲ್ಲ. ತಜ್ಞರು ಬೇಕಾಗಿರುವುದು ನಾಲ್ವರಿಗೆ, ಆದರೆ ಆ ನಾಲ್ವರು ಯಾರು ಎಂದು ಮುಖ ನೋಡಿ ಹೇಳಲಾಗುವುದಿಲ್ಲ. ಅಷ್ಟನ್ನು ವಿಂಗಡಿಸಿಕೊಡುವುದಕ್ಕೆ ಒಂದು ಫೋಟೊ ಸಾಕು. ತಜ್ಞರ ಕೊರತೆಯಿದೆ ಎಂಬ ಕಾರಣ ಕೊಟ್ಟು ತಪಾಸಣೆಯನ್ನು ಮುಂದೂಡುವವರಿಗೆ ಇದು ಅರ್ಥವಾಗಬೇಕು: ಕೊರತೆ ಇರುವುದರಿಂದಲೇ ವಿಂಗಡಣೆ ಬೇಕು.

ಆ ಫೋಟೊ ತೆಗೆಯುವುದು ಹೇಗೆ ಎಂಬುದನ್ನು ನೋಡದವರಿಗಾಗಿ ಹೇಳುತ್ತೇನೆ. ಕೋಣೆಯ ಕಿಟಕಿ ಮುಚ್ಚಿ, ದೀಪ ಆರಿಸಿ, ರೋಗಿಯನ್ನು ಐದು ನಿಮಿಷ ಕೂರಿಸಿದರೆ ಪಾಪೆ ತಾನಾಗಿ ಹಿಗ್ಗುತ್ತದೆ. ಗದ್ದವನ್ನು ಯಂತ್ರದ ಮೇಲಿಟ್ಟು, ಹಣೆಯನ್ನು ಪಟ್ಟಿಗೆ ಒತ್ತಿ, ಒಳಗಿನ ಹಸಿರು ಚುಕ್ಕೆಯನ್ನೇ ನೋಡಲು ಹೇಳಬೇಕು. ಒಂದು ಮಿಂಚು, ಮುಗಿಯಿತು. ಸೂಜಿಯಿಲ್ಲ, ಕಣ್ಣಿಗೆ ಏನೂ ತಾಗುವುದಿಲ್ಲ. ಪರದೆಯ ಮೇಲೆ ಕಿತ್ತಳೆ ಬಣ್ಣದ ವೃತ್ತ ಮೂಡುತ್ತದೆ. ಒಂದು ಬದಿಗೆ ತಿಳಿಹಳದಿಯ ನರದ ಬಿಲ್ಲೆ, ಅದರಿಂದ ಕವಲೊಡೆದ ರಕ್ತನಾಳಗಳು, ನಡುವೆ ಸ್ವಲ್ಪ ಗಾಢವಾಗಿ ಕಾಣುವ ಮ್ಯಾಕ್ಯುಲಾ, ಎಂದರೆ ನೇರ ಮತ್ತು ಸೂಕ್ಷ್ಮ ದೃಷ್ಟಿ ಕೊಡುವ ಜಾಗ. ಸಕ್ಕರೆ ಇಳಿದಿದ್ದರೆ ಅಲ್ಲಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು, ಒಸರಿದ ಕೊಬ್ಬು ಗಟ್ಟಿಯಾಗಿ ಉಳಿದ ಹಳದಿ ಕಣಗಳು. ಹಳದಿ ಕಣಗಳು ಮ್ಯಾಕ್ಯುಲಾದ ಹತ್ತಿರ ಬಂದಿದ್ದರೆ ತಡಮಾಡುವಂತಿಲ್ಲ.

ಎರವಲು ತಂದ ಕ್ಯಾಮೆರಾದಲ್ಲಿ ಒಮ್ಮೆ ಶಿಬಿರ ನಡೆಸಿದಾಗ ಸಾಲಿನಲ್ಲಿದ್ದ ಹಿರಿಯರೊಬ್ಬರು ತಕರಾರು ತೆಗೆದರು: ‘ಆಧಾರಿಗೆ ಒಂದು ಸಲ ಕಣ್ಣು ತೆಗೆದಾಗಿದೆಯಲ್ಲ ಸಾರ್, ಮತ್ತೆ ಯಾಕೆ?’ ಆಧಾರಿಗೆ ತೆಗೆದದ್ದು ಪಾಪೆಯ ಸುತ್ತಲಿನ ಬಣ್ಣದ ಬಳೆಯ ಚಿತ್ರ, ಇದು ಪಾಪೆಯ ಮೂಲಕ ಒಳಗೆ ಇಣುಕುವುದು ಎಂದೆ. ಅದೇ ಸಾಲಿನಲ್ಲಿದ್ದ ಬಸ್ ಕಂಡಕ್ಟರೊಬ್ಬರು ಪರದೆಯ ಮೇಲಿನ ಕೆಂಪು ಚುಕ್ಕೆಗಳನ್ನು ನೋಡಿ ‘ಇದು ನನ್ನದೇ ಕಣ್ಣೇ?’ ಎಂದು ಎರಡು ಸಲ ಕೇಳಿದರು. ಪಕ್ಕದವರ ಚುಕ್ಕೆಯಿಲ್ಲದ ಚಿತ್ರವನ್ನು ಅವರ ಒಪ್ಪಿಗೆ ಪಡೆದು ತೋರಿಸಿದೆ. ನನ್ನ ಸೇವಾವಧಿಯಲ್ಲಿ ಸಕ್ಕರೆ ನಿಯಂತ್ರಣದ ಬಗ್ಗೆ ಎಷ್ಟು ಭಾಷಣ ಮಾಡಿದ್ದೇನೋ; ಅವು ಯಾವುದಕ್ಕೂ ಇಲ್ಲದ ಬಲ ಆ ಎರಡು ಚಿತ್ರಗಳಿಗಿತ್ತು.

ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಆಫ್ತಾಲ್ಮೋಸ್ಕೋಪನ್ನು ಲೋಕಕ್ಕೆ ಪರಿಚಯಿಸಿದಾಗಿನಿಂದ ವೈದ್ಯರು ಅಕ್ಷಿಪಟಲವನ್ನು ನೋಡುತ್ತ ಬಂದಿದ್ದಾರೆ. ಆದರೆ ನೋಡಿದವರಿಗೆ ಮಾತ್ರ ಕಂಡಿತು. ಫೋಟೊ ತೆಗೆದರೆ ಸಿಂಧನೂರಿನ ಕಣ್ಣನ್ನು ಬೆಂಗಳೂರಿನಲ್ಲಿ ಕೂತವರು ಓದಬಹುದು, ಹೋದ ವರ್ಷದ ಚಿತ್ರದ ಪಕ್ಕದಲ್ಲಿ ಈ ವರ್ಷದ್ದನ್ನು ಇಟ್ಟು ಹೋಲಿಸಬಹುದು. ಕಾಯಿಲೆ ಪತ್ತೆ ಮಾಡುವುದಕ್ಕಷ್ಟೇ ಅಲ್ಲ, ಅದು ಬೆಳೆಯುತ್ತಿದೆಯೇ ಎಂದು ಕಾದು ನೋಡುವುದಕ್ಕೂ ಇದು ಬೇಕು.

ಇನ್ನೊಂದು ಸ್ಕ್ಯಾನ್ ಇದೆ, ಓಸಿಟಿ. ಬೆಳಕನ್ನು ಒಳಗೆ ಕಳುಹಿಸಿ, ಅಕ್ಷಿಪಟಲದ ಪ್ರತಿಯೊಂದು ಪದರದಿಂದ ಅದು ಮರಳಿ ಬರುವಲ್ಲಿನ ಅತಿಸೂಕ್ಷ್ಮ ವ್ಯತ್ಯಾಸವನ್ನು ಅಳೆದು ಪದರಗಳ ಅಡ್ಡಕೊಯ್ತವನ್ನು ಚಿತ್ರಿಸುವ ವಿಧಾನ. ಅಮೆರಿಕದ ಎಂಐಟಿಯ ತಂಡವೊಂದು 1991ರಲ್ಲಿ ಅದನ್ನು ಪ್ರಕಟಿಸಿತು; ಅದಕ್ಕಾಗಿ ಜೇಮ್ಸ್ ಫುಜಿಮೊಟೊ, ಡೇವಿಡ್ ಹ್ವಾಂಗ್, ಎರಿಕ್ ಸ್ವಾನ್ಸನ್ ಅವರಿಗೆ 2023ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ಮ್ಯಾಕ್ಯುಲಾ ಎಷ್ಟು ಬಾತಿದೆ, ಇಂಜೆಕ್ಷನ್ ಕೊಟ್ಟ ಮೇಲೆ ಎಷ್ಟು ಇಳಿಯಿತು, ಗ್ಲಾಕೋಮಾದವರಲ್ಲಿ, ಎಂದರೆ ಕಣ್ಣಿನ ನರ ಸವೆಯುವ ಕಾಯಿಲೆಯವರಲ್ಲಿ, ನರದ ಎಳೆಗಳು ಎಷ್ಟು ತೆಳುವಾಗಿವೆ ಎಂಬುದನ್ನೆಲ್ಲ ಮೈಕ್ರಾನುಗಳಲ್ಲಿ ಹೇಳುತ್ತದೆ. ಹಿಂದೆ ಸೋರುವ ನಾಳಗಳನ್ನು ಹುಡುಕಬೇಕಾದರೆ ಕೈಯ ರಕ್ತನಾಳಕ್ಕೆ ಬಣ್ಣದ ಮದ್ದು ಚುಚ್ಚಿ ಫೋಟೊ ತೆಗೆಯಬೇಕಿತ್ತು. ರೋಗಿಗೆ ವಾಕರಿಕೆ, ಮರುದಿನದ ತನಕ ಹಳದಿ ಮೂತ್ರ. ಆ ಪರೀಕ್ಷೆ ಈಗಲೂ ಬೇಕಾಗುತ್ತದೆ, ಆದರೆ ಬಹಳಷ್ಟು ಕಡೆ ಓಸಿಟಿ ಅದರ ಜಾಗ ಹಿಡಿದಿದೆ. ಹಾಗೆಂದು ಪ್ರತಿ ತಾಲ್ಲೂಕಿಗೂ ಓಸಿಟಿ ಕೊಡಿ ಎಂದು ನಾನು ಕೇಳುವುದಿಲ್ಲ. ಅದು ಜಿಲ್ಲಾ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ಕೆಟ್ಟು ನಿಲ್ಲದಂತೆ ನಡೆದರೆ ಸಾಕು. ತಾಲ್ಲೂಕಿಗೆ ಬೇಕಾದದ್ದು ಮೇಲೆ ಹೇಳಿದ ಫೋಟೊ ತೆಗೆಯುವ ಸಾದಾ ಫಂಡಸ್ ಕ್ಯಾಮೆರಾ.

ಮತ್ತು ಅದನ್ನು ಹೊರದೇಶದಿಂದಲೇ ತರಿಸಬೇಕಾಗಿಲ್ಲ. ಬೆಂಗಳೂರಿನ ಫೋರಸ್ ಹೆಲ್ತ್ ಕಂಪನಿ ‘ತ್ರಿನೇತ್ರ’ ಎಂಬ ಕ್ಯಾಮೆರಾ ಮಾಡಿದೆ, ಬೆಂಗಳೂರಿನದೇ ರೆಮಿಡಿಯೊ ಮೊಬೈಲ್ ಫೋನಿಗೆ ಜೋಡಿಸಿ ಕೈಯಲ್ಲಿ ಹಿಡಿದು ತೆಗೆಯುವ ಕ್ಯಾಮೆರಾ ಮಾಡಿದೆ. ಯಾರದ್ದನ್ನು ಕೊಳ್ಳಬೇಕು ಎಂಬುದು ಟೆಂಡರಿನ ವಿಷಯ, ನನಗೆ ಸಂಬಂಧವಿಲ್ಲ. ನನಗೆ ಚುಚ್ಚುವುದು ಬೇರೆ. ಕಂಪ್ಯೂಟರು ತಾನೇ ಅಕ್ಷಿಪಟಲದ ಚಿತ್ರ ನೋಡಿ ರೆಟಿನೋಪತಿ ಗುರುತಿಸಬಲ್ಲದು ಎಂದು ಗೂಗಲ್‌ನ ಸಂಶೋಧಕರು 2016ರಲ್ಲಿ ತೋರಿಸಿಕೊಟ್ಟರಲ್ಲ, ಅದಕ್ಕೆ ಪಾಠ ಕಲಿಸಿದ 1,28,175 ಚಿತ್ರಗಳಲ್ಲಿ ಅಮೆರಿಕದವುಗಳ ಜೊತೆಗೆ ಭಾರತದ ಕಣ್ಣಾಸ್ಪತ್ರೆಗಳಾದ ಅರವಿಂದ, ಶಂಕರ ನೇತ್ರಾಲಯ ಮತ್ತು ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯದ ರೋಗಿಗಳ ಚಿತ್ರಗಳೂ ಇದ್ದವು. ನಮ್ಮ ಜನರ ಕಣ್ಣು ನೋಡಿ ಯಂತ್ರ ವಿದ್ಯೆ ಕಲಿತು ಲೋಕಪ್ರಸಿದ್ಧವಾಯಿತು. ನಮ್ಮ ತಾಲ್ಲೂಕು ಆಸ್ಪತ್ರೆಯ ಕತೆ ಇದ್ದಲ್ಲೇ ಇದೆ.

ನಮ್ಮಿಂದ ಆಗದ ಕೆಲಸ ಎನ್ನುವಂತೆಯೂ ಇಲ್ಲ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡುತನ ತರುವುದುಂಟು. 34 ವಾರದೊಳಗೆ ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದ ಮಗುವಿನ ಕಣ್ಣನ್ನು ಹುಟ್ಟಿದ 30 ದಿನಗಳೊಳಗೆ ನೋಡಲೇಬೇಕು ಎಂಬುದು ನಿಯಮ. ಇಂಥ ಮಕ್ಕಳಿಗಾಗಿ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್ರಾಪ್ ಎಂಬ ಕಾರ್ಯಕ್ರಮ ಶುರುಮಾಡಿತು. ರಾಜ್ಯ ಸರ್ಕಾರವೂ ಗ್ರಾಮೀಣ ಆರೋಗ್ಯ ಅಭಿಯಾನದ ಮೂಲಕ ಕೈಜೋಡಿಸಿತು. ತರಬೇತಿ ಪಡೆದ ತಂತ್ರಜ್ಞರು ವಾಹನದಲ್ಲಿ ಕ್ಯಾಮೆರಾ ಹೇರಿಕೊಂಡು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗಿ ಚಿತ್ರ ತೆಗೆದರು, ದೂರದಲ್ಲಿದ್ದ ತಜ್ಞರು ಅದನ್ನು ಓದಿ ಹೇಳಿದರು. ಕ್ಯಾಮೆರಾ ಹಿಡಿದವರು ವೈದ್ಯರಲ್ಲ. ಕೈಗೂಸಿನ ಕಣ್ಣಿನ ಚಿತ್ರ ತೆಗೆಯುವುದು ಎಷ್ಟು ಕಷ್ಟವೆಂದು ಆ ಕೆಲಸ ಹತ್ತಿರದಿಂದ ನೋಡಿದವರಿಗೆ ಗೊತ್ತು. ಅದನ್ನೇ ಮಾಡಿ ತೋರಿಸಿದ ರಾಜ್ಯಕ್ಕೆ, ಗದ್ದ ಇಟ್ಟು ಸುಮ್ಮನೆ ಕೂರುವ ದೊಡ್ಡವರ ಕಣ್ಣು ಅಸಾಧ್ಯವಾಗುವುದು ಹೇಗೆ?

ಯಂತ್ರವೇ ಚಿತ್ರ ಓದುವ ವಿಷಯದಲ್ಲಿ ಸ್ವಲ್ಪ ತಾಳ್ಮೆ ಇರಲಿ ಎಂದು ಕೋರುತ್ತೇನೆ. ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಇಂಥ ಒಂದು ವ್ಯವಸ್ಥೆಗೆ ಒಪ್ಪಿಗೆ ಕೊಟ್ಟಿದೆ, ನಮ್ಮಲ್ಲಿ ಇಂಟರ್‌ನೆಟ್ ಇಲ್ಲದೆಯೂ ಫೋನಿನೊಳಗೇ ಓದುವ ತಂತ್ರಾಂಶಗಳು ಬಂದಿವೆ. ಬೇಡ ಎನ್ನುವುದಿಲ್ಲ. ಆದರೆ ಥಾಯ್ಲೆಂಡಿನ ಕ್ಲಿನಿಕ್ಕುಗಳಲ್ಲಿ ಗೂಗಲ್‌ನ ತಂತ್ರಾಂಶವನ್ನು ಬಳಕೆಗೆ ಇಳಿಸಿದಾಗ ಏನಾಯಿತೆಂದು 2020ರಲ್ಲಿ ಅವರೇ ಬರೆದುಕೊಂಡಿದ್ದಾರೆ. ಮೊದಲ ಆರು ತಿಂಗಳಲ್ಲಿ ಕೊಟ್ಟ 1,838 ಚಿತ್ರಗಳಲ್ಲಿ ಶೇ 21ರಷ್ಟನ್ನು ‘ಸ್ಪಷ್ಟವಿಲ್ಲ’ ಎಂದು ಯಂತ್ರ ತಳ್ಳಿಹಾಕಿತು. ಒಂದು ಕಾರಣ ಯಂತ್ರದ ಹೊರಗೇ ಇತ್ತು: ಕೋಣೆ ಕತ್ತಲಾಗಿರಲಿಲ್ಲ. ನೆಟ್ ನಿಧಾನವಿದ್ದಲ್ಲಿ ಚಿತ್ರ ಕಳುಹಿಸುವುದೂ ತಡವಾಯಿತು. ನಮ್ಮಲ್ಲಿ ಇದರ ಜೊತೆಗೆ ಪೊರೆ ಬಂದ ಕಣ್ಣುಗಳೂ, ವಯಸ್ಸಾದ ಮಧುಮೇಹಿಗಳ ಸಣ್ಣ ಪಾಪೆಗಳೂ ಸೇರುತ್ತವೆ. ಸ್ಕಾಟ್ಲೆಂಡಿನ ತಪಾಸಣೆಯಲ್ಲಿ ಮೊದಲು ಹನಿ ಹಾಕದೆ ಚಿತ್ರ ತೆಗೆಯುತ್ತಾರೆ, ಸ್ಪಷ್ಟ ಬಾರದವರಿಗೆ ಮಾತ್ರ ಪಾಪೆ ಹಿಗ್ಗಿಸುವ ಹನಿ ಹಾಕಿ ಮತ್ತೆ ತೆಗೆಯುತ್ತಾರೆ. ನಮಗೂ ಅದೇ ಹೊಂದುತ್ತದೆ. ಹನಿ ಹಾಕಿದರೆ ಕೆಲವು ಗಂಟೆ ಕಣ್ಣು ಮಂಜು. ಬೈಕಿನಲ್ಲಿ ಒಬ್ಬನೇ ಬಂದವನು ಹಿಂದಿರುಗುವಂತಿಲ್ಲ. ಎಲ್ಲರಿಗೂ ಹನಿ ಕಡ್ಡಾಯವೆಂದರೆ ಜನ ಬರುವುದನ್ನೇ ಬಿಡುತ್ತಾರೆ. ಇನ್ನು, ಸ್ಪಷ್ಟವಿಲ್ಲದ ಚಿತ್ರವನ್ನು ‘ತೊಂದರೆ ಇಲ್ಲ’ ಎಂಬ ಲೆಕ್ಕಕ್ಕೆ ಸೇರಿಸುವ ಅಭ್ಯಾಸ ಎಲ್ಲೂ ಬೇರೂರದಂತೆ ಮೊದಲ ಸುತ್ತೋಲೆಯಲ್ಲೇ ತಡೆಯಿರಿ. ಅದನ್ನು ಕಣ್ಣಿನ ವೈದ್ಯರು ನೋಡಲೇಬೇಕು.

ಕ್ಯಾಮೆರಾ ಕೊಂಡರೆ ಕೆಲಸ ಮುಗಿಯಿತು ಎಂದು ತಿಳಿಯುವ ಅಪಾಯ ದೊಡ್ಡದು. ಹೆಸರು ಹೇಳದೆ ಒಂದು ಆಸ್ಪತ್ರೆಯ ವಿಷಯ ಬರೆಯುತ್ತೇನೆ. ಅಲ್ಲಿ ಕ್ಯಾಮೆರಾ ಇತ್ತು. ಕಂದು ಬಣ್ಣದ ರೆಕ್ಸಿನ್ ಹೊದಿಕೆ, ಅದರ ಮೇಲೆ ಪೂರೈಕೆದಾರರ ಚೀಟಿ, ಚೀಟಿಯ ಮೇಲೆ ಧೂಳು. ಕತ್ತಲೆ ಕೋಣೆ ಮಾಡಲು ಪರದೆ ಬಟ್ಟೆಗೆ ಅನುದಾನ ಬಂದಿರಲಿಲ್ಲ. ಯುಪಿಎಸ್ ಬ್ಯಾಟರಿ ಸತ್ತಿತ್ತು. ವಾರ್ಷಿಕ ನಿರ್ವಹಣೆಯ ಒಪ್ಪಂದ ಮುಗಿದಿತ್ತು, ಅದನ್ನು ನವೀಕರಿಸಬೇಕಾದದ್ದು ಅಂಧತ್ವ ನಿಯಂತ್ರಣದವರೋ ಎನ್‌ಸಿಡಿಯವರೋ ಎಂಬ ಪತ್ರವ್ಯವಹಾರ ನಡೆಯುತ್ತಿತ್ತು. ಲಾಗ್ ಪುಸ್ತಕದಲ್ಲಿದ್ದ ನಮೂದುಗಳು ಅಕ್ಟೋಬರಿನ ವಿಶ್ವ ದೃಷ್ಟಿ ದಿನದ್ದು, ನವೆಂಬರ್ 14ರ ವಿಶ್ವ ಮಧುಮೇಹ ದಿನದ್ದು. ಮಿಕ್ಕ ದಿನಗಳಲ್ಲಿ ಯಂತ್ರಕ್ಕೆ ರಜೆ.

ಹಾಗಾಗಿ ನನ್ನ ಮುಖ್ಯ ಬೇಡಿಕೆ ಜಾಗದ್ದು. ಕ್ಯಾಮೆರಾವನ್ನು ಕಣ್ಣಿನ ವಿಭಾಗದಲ್ಲಿ ಇಡಬೇಡಿ, ಎನ್‌ಸಿಡಿ ಕ್ಲಿನಿಕ್ಕಿನಲ್ಲಿ, ಮಾತ್ರೆ ಕೊಡುವ ಕೋಣೆಯ ಪಕ್ಕದಲ್ಲಿ ಇಡಿ. ಸಕ್ಕರೆಯವರು ಕಣ್ಣಿನ ವಿಭಾಗಕ್ಕೆ ಬರುವುದು ಕಣ್ಣು ಕಾಣದಾದಾಗ; ಮಾತ್ರೆಗೆ ಬರುವುದು ತಿಂಗಳು ತಿಂಗಳು. ತಮ್ಮ ಇಲಾಖೆಯ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭವಾಯಿತು. ಸಿಬ್ಬಂದಿ ಮನೆ ಬಾಗಿಲಿಗೇ ಹೋಗಿ ಸಕ್ಕರೆ, ಬಿ.ಪಿ. ಪತ್ತೆ ಮಾಡುತ್ತಿದ್ದಾರೆ. ಎರಡನೆಯ ಬಗೆಯ ಮಧುಮೇಹ ಗೊತ್ತಾದ ಕೂಡಲೇ ಅಕ್ಷಿಪಟಲ ನೋಡಬೇಕು, ಅನಂತರ ವರ್ಷಕ್ಕೊಮ್ಮೆ. ಮೊದಲೇ ಸಕ್ಕರೆಯಿದ್ದು ಬಸುರಿಯಾದವರಿಗೆ ಮೊದಲ ಮೂರು ತಿಂಗಳಲ್ಲೇ. ಹೊಸದಾಗಿ ಪತ್ತೆಯಾದವರ ಪಟ್ಟಿ ಉದ್ದವಾಗುತ್ತ ಹೋಗುವಾಗ ಅವರ ಕಣ್ಣಿನ ಪಟ್ಟಿ ಎಲ್ಲಿದೆ? ಫೋಟೊ ತೆಗೆಯಲು ಶುಶ್ರೂಷಾಧಿಕಾರಿಯೋ ಸಮುದಾಯ ಆರೋಗ್ಯಾಧಿಕಾರಿಯೋ ಸಾಕು. ಅವರಿಗೆ ಅದು ಇನ್ನೊಂದು ಹೊರೆಯಾಗದಂತೆ, ಬೇರೆ ಯಾವುದಾದರೂ ಒಂದು ರಿಜಿಸ್ಟರು ಬರೆಯುವ ಕೆಲಸ ತೆಗೆದುಬಿಡಿ. ತೆಗೆಯಬಹುದಾದವು ಎಷ್ಟಿವೆ ಎಂದು ಅವರನ್ನೇ ಕೇಳಿ.

ಇಂಗ್ಲೆಂಡಿನ ಉದಾಹರಣೆಯನ್ನು ಅಧಿಕಾರಿಗಳು ಸಭೆಗಳಲ್ಲಿ ತೋರಿಸುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದುಡಿಯುವ ವಯಸ್ಸಿನವರ ಕುರುಡುತನಕ್ಕೆ ಮೊದಲ ಕಾರಣವಾಗಿದ್ದ ಮಧುಮೇಹದ ಕಣ್ಣಿನ ಕಾಯಿಲೆ, ಕನಿಷ್ಠ ಐದು ದಶಕಗಳಲ್ಲಿ ಮೊದಲ ಬಾರಿಗೆ ಆ ಸ್ಥಾನದಿಂದ ಇಳಿದಿದೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅದನ್ನು ನೋಡಿ ನಮ್ಮವರು ಕ್ಯಾಮೆರಾದ ಮಾದರಿ ಯಾವುದು ಎಂದು ಕೇಳುತ್ತಾರೆ. ಕೇಳಬೇಕಾದದ್ದು ಅವರ ರಿಜಿಸ್ಟರಿನ ಬಗ್ಗೆ. 12 ವರ್ಷ ದಾಟಿದ ಪ್ರತಿ ಮಧುಮೇಹಿಯ ಹೆಸರು ಅದರಲ್ಲಿದೆ, ಸರದಿ ಬಂದಾಗ ಮನೆಗೆ ಪತ್ರ ಹೋಗುತ್ತದೆ, ಬಾರದವರಿಗೆ ಮತ್ತೆ ಕರೆ ಹೋಗುತ್ತದೆ, ಕೆಟ್ಟ ಚಿತ್ರ ಬಂದವರು ಆಸ್ಪತ್ರೆಗೆ ತಲುಪಿದರೇ ಎಂದು ಒಬ್ಬರು ನೋಡುತ್ತಾರೆ. ನಮ್ಮಲ್ಲಿ ಆ ಕೆಲಸ ಮಾಡಬಲ್ಲ ಆಶಾ ಕಾರ್ಯಕರ್ತೆಯರು ಪ್ರತಿ ಊರಿನಲ್ಲೂ ಇದ್ದಾರೆ. ಅದಕ್ಕೊಂದು ಪ್ರೋತ್ಸಾಹಧನ ನಿಗದಿ ಮಾಡಿ, ಪುಕ್ಕಟೆ ಮಾಡಿಸಬೇಡಿ.

ಯಾಕೆಂದರೆ ನನ್ನ ಅನುಭವದಲ್ಲಿ ಸರಪಳಿ ಕಳಚುವುದು ಫೋಟೊ ಆದ ಮೇಲೆ. ‘ಜಿಲ್ಲಾ ಆಸ್ಪತ್ರೆಗೆ ಹೋಗಿ’ ಎಂದು ಬರೆದುಕೊಟ್ಟ ಚೀಟಿ ಅಂಗಿಯ ಜೇಬಿನಲ್ಲಿ ಒಗೆದು ಹೋಗುತ್ತದೆ. ಒಂದು ದಿನದ ಕೂಲಿ, ಇಬ್ಬರ ಬಸ್ಸಿನ ಖರ್ಚು, ಜೊತೆಗೆ ಬರುವ ಮಗನ ರಜೆ. ಅಲ್ಲಿಗೆ ಹೋದರೆ ‘ಇವತ್ತು ಲೇಸರ್ ಡಾಕ್ಟರಿಲ್ಲ, ಗುರುವಾರ ಬನ್ನಿ’. ಕಣ್ಣು ಕಾಣುತ್ತಿರುವ ಮನುಷ್ಯ ಗುರುವಾರ ಯಾಕೆ ಹೋದಾನು? ಲೇಸರ್ ಚಿಕಿತ್ಸೆ ಹೊಸದೇನಲ್ಲ. ಹೊಸ ನಾಳ ಬೆಳೆದ ಹಂತದಲ್ಲಿ ಅದು ತೀವ್ರ ದೃಷ್ಟಿನಾಶವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆ ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು 1976ರಲ್ಲೇ ತೋರಿಸಿತ್ತು, ನಮ್ಮ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಹುಟ್ಟಿದ ವರ್ಷವೇ. ಮ್ಯಾಕ್ಯುಲಾ ಬಾತವರಿಗೆ ಈಗ ಕಣ್ಣಿನೊಳಗೆ ಇಂಜೆಕ್ಷನ್ ಇದೆ, ಅದು ಒಂದಕ್ಕೆ ಮುಗಿಯುವುದಿಲ್ಲ. ಆ ಇಂಜೆಕ್ಷನ್ನಿಗೆ ಬಳಸುವ ಅಗ್ಗದ ಮದ್ದು ಬೆವಾಸಿಜುಮಾಬ್ ಸರ್ಕಾರಿ ಔಷಧ ಉಗ್ರಾಣದಲ್ಲಿ ಸದಾ ಇದ್ದು, ಚಿಕ್ಕ ಸಿರಿಂಜುಗಳಿಗೆ ಶುದ್ಧವಾಗಿ ತುಂಬಿಕೊಡುವ ವ್ಯವಸ್ಥೆಯಾದರೆ ಬಡವರಿಗೆ ದೊಡ್ಡ ಉಪಕಾರ. ಪ್ರತಿ ಜಿಲ್ಲೆಯಲ್ಲಿ ವಾರದ ಯಾವ ದಿನ ಲೇಸರ್ ಎಂಬುದು ನಿಗದಿಯಾಗಿ, ತಾಲ್ಲೂಕಿನ ಚೀಟಿಯಲ್ಲೇ ದಿನಾಂಕ ಬರೆದು ಕೊಡುವಂತಾಗಲಿ.

ಚೀಟಿಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಸಕ್ಕರೆಗಾಗಿ ತೆಗೆದ ಫೋಟೊದಲ್ಲಿ ನರದ ಬಿಲ್ಲೆಯೂ ಕಾಣುತ್ತದೆ, ಗ್ಲಾಕೋಮಾದ ಅನುಮಾನ ಬಂದರೆ ಓದುವವರು ಹೇಳಬಹುದು. ಆದರೆ ರೆಟಿನೋಪತಿ ಹುಡುಕಲು ಕಲಿತ ತಂತ್ರಾಂಶ ಅದನ್ನಷ್ಟೇ ಹುಡುಕುತ್ತದೆ. ‘ಕಣ್ಣು ಚೆನ್ನಾಗಿದೆ’ ಎಂದು ಬರೆಯುವುದು ಬೇಡ. ‘ಈ ಚಿತ್ರದಲ್ಲಿ ಸಕ್ಕರೆಯ ತೊಂದರೆ ಕಾಣಲಿಲ್ಲ, ಮುಂದಿನ ಫೋಟೊ ಇಂಥ ತಿಂಗಳು’ ಎಂದು ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆಯಿರಿ.

ಚಿತ್ರಗಳು ಯಾರ ಸೊತ್ತು ಎಂಬುದನ್ನೂ ಮೊದಲೇ ತೀರ್ಮಾನಿಸಿಕೊಳ್ಳಿ. ಅಕ್ಷಿಪಟಲದ ಚಿತ್ರದಿಂದ ವ್ಯಕ್ತಿಯ ಅಂದಾಜು ವಯಸ್ಸು, ಗಂಡೋ ಹೆಣ್ಣೋ ಎಂಬುದನ್ನು ಕಂಪ್ಯೂಟರು ಊಹಿಸಬಲ್ಲದು ಎಂದು 2018ರ ಸಂಶೋಧನೆ ತೋರಿಸಿದೆ. ಅಂಥದ್ದನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ, ತಂತ್ರಾಂಶ ಉಚಿತವಾಗಿ ಕೊಟ್ಟರೆಂಬ ಒಂದೇ ಕಾರಣಕ್ಕೆ ಕಂಪನಿಗಳ ಕೈಗಿಡಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಮ್ಮಲ್ಲಿದೆ. ಒಪ್ಪಂದದ ಕರಡು ಬರೆಯುವವರು ಅದನ್ನು ಓದಿರಲಿ.

ಕೊನೆಯದಾಗಿ ಮಾಸಿಕ ವರದಿ. ನಮ್ಮ ಇಲಾಖೆಯಲ್ಲಿ ಯಾವುದಕ್ಕೆ ಕಾಲಂ ಇದೆಯೋ ಅದು ನಡೆಯುತ್ತದೆ. ಗುರಿ ಮುಟ್ಟಲು ಮಾರ್ಚ್ ತಿಂಗಳಲ್ಲಿ ನಾವು ಎಷ್ಟು ಓಡಾಡುತ್ತಿದ್ದೆವೆಂದು ತಮ್ಮ ಅಧಿಕಾರಿಗಳಿಗೂ ಗೊತ್ತು. ಎಷ್ಟು ಜನರ ಫೋಟೊ ತೆಗೆದಿರಿ ಎಂಬ ಒಂದೇ ಕಾಲಂ ಇಟ್ಟರೆ ಫೋಟೊಗಳ ರಾಶಿ ಬೀಳುತ್ತದೆ. ಅದರ ಪಕ್ಕದಲ್ಲಿ ಇನ್ನು ಮೂರು ಬೇಕು: ಚಿತ್ರ ಸ್ಪಷ್ಟವಾಗದವರು ಎಷ್ಟು, ಚಿಕಿತ್ಸೆ ಬೇಕೆಂದು ಕಂಡುಬಂದವರು ಎಷ್ಟು, ಅವರಲ್ಲಿ ಮೂರು ತಿಂಗಳೊಳಗೆ ಲೇಸರ್ ಅಥವಾ ಇಂಜೆಕ್ಷನ್ ಆದವರು ಎಷ್ಟು. ತಾಲ್ಲೂಕುವಾರು ಅದನ್ನು ಇಲಾಖೆಯ ಜಾಲತಾಣದಲ್ಲಿ ಹಾಕಿ. ಶಾಸಕರು ಸದನದಲ್ಲಿ ಕೇಳಲಿ, ಪತ್ರಕರ್ತರು ಬರೆಯಲಿ. ಈ ಪತ್ರ ಓದುತ್ತಿರುವ, ಸಕ್ಕರೆ ಇರುವ ಸಾರ್ವಜನಿಕರೂ ಮುಂದಿನ ಸಲ ಮಾತ್ರೆಗೆ ಹೋದಾಗ ‘ನನ್ನ ಕಣ್ಣಿನ ಹಿಂಭಾಗದ ಫೋಟೊ ಯಾವಾಗ?’ ಎಂದು ಕೌಂಟರಿನಲ್ಲಿ ಕೇಳಲಿ.

ಯಾವುದಾದರೂ ಒಂದು ಜಿಲ್ಲೆಯಲ್ಲಿ ಇದನ್ನು ಶುರುಮಾಡುವುದಾದರೆ ಫೋಟೊ ತೆಗೆಯುವ ತರಬೇತಿಗೆ ನಿವೃತ್ತ ನೇತ್ರಾಧಿಕಾರಿಗಳಾದ ನಾವು ಕೆಲವರು ಬರಲು ಸಿದ್ಧ. ಸಂಭಾವನೆ ಬೇಡ, ಬಸ್ಸಿನ ಖರ್ಚು ಕೊಟ್ಟರೆ ಬೇಡ ಎನ್ನುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ನೇತ್ರಾಧಿಕಾರಿ